ಪಿಟ್ಸ್‌ಬರ್ಗ್‌ನ ಹಳೆಯ ಕೌಂಟಿ ನ್ಯಾಯಾಲಯ: ದೊಡ್ಡ ಕಮಾನುಗಳು ರಸ್ತೆಯಿಂದ ಒಂದು ಮಹಡಿ ಮೇಲೆ ಏಕಿವೆ?

ಶಾಲ್ಮಲಾತೀರ:

ಎಲ್ಲರಿಗೂ ನಮಸ್ಕಾರ. ಕಳೆದ ವಾರ ಜ್ಯೂರಿ ಕರೆ ಬಂದಿದ್ದರಿಂದ ಅಮೆರಿಕದ ಪಿಟ್ಸ್‌ಬರ್ಗ್ ನಗರದ ನಡುವೆ ಇರುವ ಆಲಿಗೇನಿ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಹಳೆಯ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಈ ಊರಿಗೆ ಬಂದು ವರ್ಷಗಳಾಗಿವೆ. ಆದರೂ ಆ ಕಟ್ಟಡವನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೆನೇ ಹೊರತು ಒಳಗೆ ಕಾಲಿಟ್ಟಿರಲಿಲ್ಲ. ಹೆಸರು ಕೂಗುವುದನ್ನೇ ಕಾಯುತ್ತ ಕುಳಿತಿದ್ದವಳು ಊಟದ ಬಿಡುವಿನಲ್ಲಿ ಹೊರಗೆ ಬಂದು ಕಟ್ಟಡಕ್ಕೆ ಒಂದು ಪ್ರದಕ್ಷಿಣೆ ಹಾಕಿದೆ. ಆಗ ಹುಟ್ಟಿದ ಅನುಮಾನಗಳನ್ನು ಬಲ್ಲವರು ಬಗೆಹರಿಸಬೇಕು.

ಗ್ರಾಂಟ್ ಸ್ಟ್ರೀಟ್ ಕಡೆಗೆ ದೊಡ್ಡ ಗೋಪುರವಿದೆ. ಅದರ ಬುಡದಲ್ಲಿ, ರಾಜರ ಮೆರವಣಿಗೆ ಹಾಯ್ದು ಹೋಗಬಹುದಾದಂಥ ಕಮಾನುಗಳಿವೆ. ಆದರೆ ಅವು ಪಾದಚಾರಿ ಮಾರ್ಗದಿಂದ ಪೂರಾ ಒಂದು ಮಹಡಿ ಮೇಲಿವೆ. ಜನ ಒಳಗೆ ಹೋಗುವುದು ಕೆಳಗಿನ ಬಾಗಿಲುಗಳಿಂದ. ಹೊಕ್ಕ ಕೂಡಲೇ ಸಿಗುವುದು ಇಕ್ಕಟ್ಟಾದ, ನೆಲಮಾಳಿಗೆಯಂಥ ಓಣಿ. ಇಷ್ಟು ಭವ್ಯವಾದ ಕಟ್ಟಡಕ್ಕೆ ಇಂಥ ಪ್ರವೇಶವನ್ನು ಯಾರಾದರೂ ಬೇಕೆಂದೇ ಮಾಡುತ್ತಾರೆಯೇ?

ಇನ್ನೊಂದು, ಹಿಂಭಾಗದಲ್ಲಿ ಎರಡು ಸಣ್ಣ ಗೋಪುರಗಳಿವೆ. ಗಡಿಯಾರವಿಲ್ಲ, ಗಂಟೆ ಇರುವಂತೆಯೂ ಕಾಣಲಿಲ್ಲ. ಅವು ಬರೀ ಅಲಂಕಾರವೇ? ಮತ್ತೆ, ರಾಸ್ ಸ್ಟ್ರೀಟಿನ ಮೇಲೆ ಒಂದು ಕಲ್ಲಿನ ಸೇತುವೆ ಈ ಕಟ್ಟಡವನ್ನು ಎದುರಿನ ಕೋಟೆಯಂಥ ಕಟ್ಟಡಕ್ಕೆ ಜೋಡಿಸುತ್ತದೆ. ಅದರ ಕಥೆ ಏನು?

ಓದುಬಿಡುವು:

ಎದುರಿಗಿರುವುದು ಹಳೆಯ ಕೌಂಟಿ ಜೈಲು. ಎರಡನ್ನೂ 1884ರಿಂದ 1888ರ ನಡುವೆ ಕಟ್ಟಿದರು. ವಾಸ್ತುಶಿಲ್ಪಿ ಹೆನ್ರಿ ಹಾಬ್ಸನ್ ರಿಚರ್ಡ್‌ಸನ್. ಕೈದಿಗಳನ್ನು ಬೀದಿಗೆ ಇಳಿಸದೆ ವಿಚಾರಣೆಗೆ ಕರೆತರಲು ಆ ಸೇತುವೆ. ವೆನಿಸ್ ನಗರದ ನಿಟ್ಟುಸಿರಿನ ಸೇತುವೆಯ ಮಾದರಿ. ಉಳಿದದ್ದನ್ನು ಕಲ್ಲುಗಾರೆ ಸರ್ ಹೇಳಬೇಕು, ಅವರು ಆ ಊರಿನವರೇ.

ಕಲ್ಲುಗಾರೆ:

ತಂಗಿ, ಬಾಗಿಲು ಮೇಲೆ ಹೋಗಿಲ್ಲ, ರಸ್ತೆ ಕೆಳಗೆ ಹೋಗಿದೆ. ಅದನ್ನು ಹಿಡಿದುಕೊಂಡರೆ ಇಡೀ ಕಟ್ಟಡ ಅರ್ಥವಾಗುತ್ತದೆ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ಬೇಸರಿಸಬೇಡಿ. ನಾನು ಲೋಕೋಪಯೋಗಿ ಇಲಾಖೆಯಲ್ಲಿ ಸರ್ಕಾರಿ ಕಟ್ಟಡಗಳ ಕೆಲಸ ನೋಡಿಕೊಂಡು ನಿವೃತ್ತನಾದವನು. ಈಗ ಮಗಳ ಮನೆಯಲ್ಲಿದ್ದೇನೆ. ಪೇಟೆಗೆ ಹೋದಾಗಲೆಲ್ಲ ನನ್ನ ಕಾಲು ತಾನಾಗಿ ಗ್ರಾಂಟ್ ಸ್ಟ್ರೀಟಿನ ಕಡೆಗೆ ತಿರುಗುತ್ತದೆ.

ಆ ಜಾಗ ಮೂಲತಃ ಒಂದು ಗುಡ್ಡ. 1758ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಸೇನೆಯ ಮೇಜರ್ ಜೇಮ್ಸ್ ಗ್ರಾಂಟ್ ಅದೇ ಗುಡ್ಡದಲ್ಲಿ ಫ್ರೆಂಚರ ಮತ್ತು ಅವರ ಜೊತೆಗಿದ್ದ ಮೂಲನಿವಾಸಿ ಯೋಧರ ಕೈಯಲ್ಲಿ ಹೀನಾಯವಾಗಿ ಸೋತ. ಸೋತವನ ಹೆಸರೇ ಗುಡ್ಡಕ್ಕೂ ಬೀದಿಗೂ ಉಳಿದುಕೊಂಡಿತು. ಊರು ಬೆಳೆದಂತೆ ಗುಡ್ಡ ಎಲ್ಲರಿಗೂ ಕಿರಿಕಿರಿಯಾಯಿತು. ಕುದುರೆಗಾಡಿಗಳು ಏರಲು ಒದ್ದಾಡುತ್ತಿದ್ದವು, ವ್ಯಾಪಾರ ಆಚೆ ಬದಿಗೆ ಹಬ್ಬುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲೇ ಒಂದೆರಡು ಸಲ ಅದನ್ನು ಕಡಿದು ತಗ್ಗಿಸಿದರು. ಸಾಲಲಿಲ್ಲ. ಕೊನೆಗೆ 1913ರ ಸುಮಾರಿಗೆ ಉಳಿದ ಉಬ್ಬನ್ನೂ ಕಡಿದು ಹಾಕಿದರು. ನ್ಯಾಯಾಲಯದ ಮುಂದೆ ರಸ್ತೆ ಸುಮಾರು 15 ಅಡಿ ಕೆಳಗಿಳಿಯಿತು. ಕಟ್ಟಡ ನಿಂತಲ್ಲೇ ನಿಂತಿತು, ನೆಲಮಾಳಿಗೆ ಬಯಲಿಗೆ ಬಂತು.

ಇಲ್ಲಿ ನಾನು ಕೈಮುಗಿಯುವುದು ರಿಚರ್ಡ್‌ಸನ್ನನ ಮುಂದಾಲೋಚನೆಗೆ. ಈ ರಸ್ತೆ ಇನ್ನೂ ಇಳಿಯಬಹುದು ಎಂಬ ಅಂದಾಜು ಅವನಿಗಿತ್ತು. ಆದ್ದರಿಂದ ಮಣ್ಣಿನೊಳಗೆ ಹೂತುಹೋಗುವ ಭಾಗಕ್ಕೂ ಹೊರಗೋಡೆಗೆ ತಕ್ಕ ಚೊಕ್ಕಟ ಕಲ್ಲಿನ ವರಸೆಗಳನ್ನೇ ಹಾಕಿಸಿದ್ದ. ಸಾಮಾನ್ಯವಾಗಿ ನಾವು ಅಡಿಪಾಯದಲ್ಲಿ ಏನು ಮಾಡುತ್ತೇವೆ? ಕಾಣದ ಜಾಗ ಎಂದು ಸೈಜುಗಲ್ಲು ತುಂಬಿ ಮುಚ್ಚಿಬಿಡುತ್ತೇವೆ. ಅಲ್ಲಿ ಕಾಲು ಶತಮಾನದ ನಂತರ ಮಣ್ಣು ತೆಗೆದಾಗ ಮುಖಕ್ಕೆ ಮುಖ ಕೊಡುವಂಥ ಕಲ್ಲುಕೆಲಸ ಕಾಣಿಸಿಕೊಂಡಿತು. ಮುಂದಿನ ಸಲ ಹೋದಾಗ ಪಾದಚಾರಿ ಮಾರ್ಗದಲ್ಲಿ ನಿಂತು, ನಿಮ್ಮ ತಲೆಯ ಮಟ್ಟದಲ್ಲಿರುವ ಕಲ್ಲುಗಳನ್ನು ಕೈಯಿಂದ ಮುಟ್ಟಿ ನೋಡಿ. ಅವು ಮೊದಲು ನೆಲದೊಳಗೆ ಇದ್ದ ಕಲ್ಲುಗಳು.

ಕಲ್ಲನ್ನೇನೋ ಮುಂಚಿತವಾಗಿ ಜೋಡಿಸಿಟ್ಟ, ಆದರೆ ಬಾಗಿಲನ್ನು ಕೆಳಗಿಳಿಸಲು ಬಾರದು. ಮುಖ್ಯ ಪ್ರವೇಶ ಗಾಳಿಯಲ್ಲಿ ತೇಲಿದಂತಾಯಿತು. ಅದಕ್ಕೊಂದು ದೊಡ್ಡ ಮೆಟ್ಟಿಲಸಾಲು ಕಟ್ಟಿದ್ದರು. ಗ್ರಾಂಟ್ ಸ್ಟ್ರೀಟನ್ನು ಅಗಲ ಮಾಡುವಾಗ ಅದೂ ಹೋಯಿತು. ಆಮೇಲೆ ಕೌಂಟಿಯ ವಾಸ್ತುಶಿಲ್ಪಿಯಾಗಿದ್ದ ಸ್ಟ್ಯಾನ್ಲಿ ರೌಶ್ ಪಕ್ಕದ ಬಾಗಿಲುಗಳನ್ನು ಕೆಳಮುಖವಾಗಿ ಎಳೆದು ರಸ್ತೆಗೆ ತಂದ. ನೀವು ಒಳಗೆ ಹೋದದ್ದು ಅಲ್ಲಿಂದಲೇ. ನಿಮಗೆ ನೆಲಮಾಳಿಗೆ ಎನ್ನಿಸಿದ್ದು ಸರಿಯಾಗಿದೆ, ಅದು ನೆಲಮಾಳಿಗೆಯೇ. ಎದುರು ಬದಿಯಲ್ಲಿ ಉಕ್ಕು ಮತ್ತು ಕೋಕ್ (ಕುಲುಮೆಗೆ ಹಾಕುವ, ಕಲ್ಲಿದ್ದಲಿನಿಂದ ಮಾಡಿದ ಇಂಧನ) ದಣಿ ಹೆನ್ರಿ ಕ್ಲೇ ಫ್ರಿಕ್ 1902ರಲ್ಲಿ ಕಟ್ಟಿಸಿದ ಫ್ರಿಕ್ ಕಟ್ಟಡವಿದೆ. ಅದಕ್ಕೂ ಇದೇ ಗತಿಯಾಯಿತು, ಅಲ್ಲಿಯೂ ಈಗಿನ ಪ್ರವೇಶ ಹಳೆಯ ನೆಲಮಾಳಿಗೆ.

ಈಗ ಹಿಂಭಾಗದ ಗೋಪುರಗಳು. ಅವು ಅಲಂಕಾರವಲ್ಲ ತಂಗಿ, ಅವು ಕಟ್ಟಡದ ಮೂಗು. ಉಸಿರು ಒಳಗೆ ಬರುವುದು ಮುಂದಿನ ದೊಡ್ಡ ಗೋಪುರದಿಂದ, ಹೊರಗೆ ಹೋಗುವುದು ಹಿಂದಿನ ಎರಡರಿಂದ. 1880ರ ದಶಕದ ಪಿಟ್ಸ್‌ಬರ್ಗ್ ಎಂದರೆ ಕಲ್ಲಿದ್ದಲ ಹೊಗೆ. ಉಕ್ಕಿನ ಕುಲುಮೆಗಳು ಹಗಲಿರುಳು ಉರಿಯುತ್ತಿದ್ದವು. ಮಸಿ ಎಷ್ಟಿತ್ತೆಂದರೆ, 1940ರ ದಶಕದಲ್ಲಿಯೂ ಮಟಮಟ ಮಧ್ಯಾಹ್ನ ಬೀದಿದೀಪ ಹಚ್ಚಬೇಕಾದ ದಿನಗಳಿದ್ದವು. ಹೊಗೆ ನಿಯಂತ್ರಣದ ಕಾನೂನು 1941ರಲ್ಲಿ ಬಂದು, ಯುದ್ಧ ಮುಗಿದ ಮೇಲೆ ಜಾರಿಯಾದ ನಂತರವೇ ಆಕಾಶ ತಿಳಿಯಾಯಿತು. ಅಂಥ ಊರಿನಲ್ಲಿ ಕಿಟಕಿ ತೆರೆದರೆ ನ್ಯಾಯಾಧೀಶರ ಕಾಗದದ ಮೇಲೆ ಮಸಿ ಬೀಳುತ್ತದೆ. ರಿಚರ್ಡ್‌ಸನ್ ಏನು ಮಾಡಿದ? ಸುಮಾರು 250 ಅಡಿ ಎತ್ತರದ ಗೋಪುರದ ತುದಿಯಲ್ಲಿ, ಬೀದಿಯ ಹೊಗೆಗಿಂತ ಮೇಲೆ, ಗಾಳಿ ಒಳಬರಲು ಕಿಂಡಿಗಳನ್ನು ಇಟ್ಟ. ಆ ಗಾಳಿ ಗೋಪುರದೊಳಗಿಂದ ನೆಲಮಾಳಿಗೆಗೆ ಇಳಿಯುತ್ತಿತ್ತು. ಅಲ್ಲಿ ಅದನ್ನು ಸೋಸಿ ಕೋಣೆಗಳಿಗೆ ಹಂಚುತ್ತಿದ್ದರು. ಬಳಸಿದ ಗಾಳಿ ಹಿಂದಿನ ಗೋಪುರಗಳಿಂದ ಹೊರಗೆ. ಜನ ಗೋಪುರವನ್ನು ನೋಡಿ ಆಹಾ ಎನ್ನುತ್ತಾರೆ, ಚಿತ್ರ ತೆಗೆಯುತ್ತಾರೆ. ಅದು ದುಡಿಯುವ ಗೋಪುರ ಎಂದು ಯಾರಿಗೂ ಗೊತ್ತಿಲ್ಲ. ನನಗೆ ಇದು ನಿಜವಾಗಿಯೂ ನೋವಿನ ವಿಷಯ. ವಾಸ್ತುಶಿಲ್ಪವನ್ನು ಬರೀ ಮುಖಚಹರೆ ಎಂದುಕೊಂಡಿದ್ದೇವೆ.

ಸೇತುವೆ ಮತ್ತು ಜೈಲಿನ ಬಗ್ಗೆ ಸಂಜೆ ಬರೆಯುತ್ತೇನೆ, ಮೊಮ್ಮಗನನ್ನು ಶಾಲೆಯಿಂದ ಕರೆತರುವ ಹೊತ್ತಾಯಿತು.

ಶಾಲ್ಮಲಾತೀರ:

ಸರ್, ತುಂಬು ಧನ್ಯವಾದ. ಒಂದು ಸಣ್ಣ ಪ್ರಶ್ನೆ. ಅಷ್ಟೊಂದು ದೊಡ್ಡ ಗುಡ್ಡದ ಮೇಲೆ, ಅಷ್ಟೊಂದು ಹೊಗೆಯ ನಡುವೆ, ಅಷ್ಟು ಖರ್ಚು ಮಾಡಿ ಕೌಂಟಿಯವರು ಏಕೆ ಕಟ್ಟಿಸಿದರು? ಅಲ್ಲಿ ಮೊದಲು ಏನಿತ್ತು? ನನ್ನ ಮಗಳಿಗೆ ಶಾಲೆಯಲ್ಲಿ ಊರಿನ ಹಳೆಯ ಕಟ್ಟಡವೊಂದರ ಬಗ್ಗೆ ಬರೆದು, ಚಿತ್ರ ಬಿಡಿಸಿ ತರಲು ಹೇಳಿದ್ದಾರೆ. ಇದನ್ನೇ ಮಾಡೋಣ ಎಂದು ಕುಳಿತಿದ್ದಾಳೆ. ಗೋಪುರದ ಚಿತ್ರ ಬಿಡಿಸಿದರೆ ಸಾಕೇ?

ಕಲ್ಲುಗಾರೆ:

ಅದೇ ಗುಡ್ಡದ ಮೇಲೆ ಅದಕ್ಕೂ ಮೊದಲು ಇನ್ನೊಂದು ನ್ಯಾಯಾಲಯವಿತ್ತು. ಗ್ರೀಕ್ ಮಾದರಿಯದು, ಮುಂದೆ ಕಂಬಸಾಲು, ಮೇಲೆ ಗುಮ್ಮಟ. ಬೆಂಗಳೂರಿನ ಅಠಾರಾ ಕಚೇರಿಯ ಮುಂಗಂಬಗಳನ್ನು ನೋಡಿದವರಿಗೆ ಆ ಕಾಲದ ಆ ಒಲವು ಗೊತ್ತಿರುತ್ತದೆ. ನ್ಯಾಯವೆಂದರೆ ಗ್ರೀಸ್, ರೋಮ್ ಎಂಬ ಭಾವನೆ ಜಗತ್ತಿನ ಎಲ್ಲ ಕಡೆಯೂ ಹಬ್ಬಿತ್ತು. 1882ರ ಮೇ 7ರಂದು ಆ ಕಟ್ಟಡ ಬೆಂಕಿಗೆ ಆಹುತಿಯಾಯಿತು. ಆಗ ಕೌಂಟಿಯ ಮಂಡಳಿಯವರು ಐದು ಮಂದಿ ವಾಸ್ತುಶಿಲ್ಪಿಗಳನ್ನು ಆಹ್ವಾನಿಸಿ ನಕ್ಷೆ ತರಿಸಿಕೊಂಡರು. 1884ರಲ್ಲಿ ಕೆಲಸ ರಿಚರ್ಡ್‌ಸನ್ನನಿಗೆ ಸಿಕ್ಕಿತು. ಉಕ್ಕಿನ ದುಡ್ಡು ಹರಿಯುತ್ತಿದ್ದ ಕಾಲ. ಆಲಿಗೇನಿ ಕೌಂಟಿ ಹುಟ್ಟಿದ್ದು 1788ರಲ್ಲಿ, ಹೊಸ ನ್ಯಾಯಾಲಯ ಸಿದ್ಧವಾದದ್ದು ಅದರ ನೂರನೆಯ ವರ್ಷಾಚರಣೆಗೆ. ತಾವು ಹಳ್ಳಿಗರಲ್ಲ, ನಮ್ಮದೂ ಒಂದು ನಾಗರಿಕತೆ ಎಂದು ತೋರಿಸಿಕೊಳ್ಳುವ ಹಂಬಲ ಅವರಿಗೆ ಖಂಡಿತ ಇತ್ತು. ಒಂದು ಮಾತು ಅವರ ಪರವಾಗಿ ಹೇಳಲೇಬೇಕು. ದುಡ್ಡಿದ್ದವರು ಬಹಳ ಮಂದಿ ಇರುತ್ತಾರೆ, ಸರಿಯಾದ ಕೈಗೆ ಕೆಲಸ ಕೊಡುವ ವಿವೇಕ ಕೆಲವರಿಗೇ ಇರುತ್ತದೆ. ಆ ಮಂಡಳಿಗೆ ಇತ್ತು.

ರಿಚರ್ಡ್‌ಸನ್ ಲೂಸಿಯಾನಾದಲ್ಲಿ 1838ರಲ್ಲಿ ಹುಟ್ಟಿದವನು. ಪ್ಯಾರಿಸ್‌ನ ಎಕೋಲ್ ದೆ ಬೋಜಾರ್‌ನಲ್ಲಿ ಕಲಿತ. ಬಾಸ್ಟನ್ನಿನ ಟ್ರಿನಿಟಿ ಚರ್ಚ್ ಅವನಿಗೆ ಹೆಸರು ತಂದಿತು. ದಕ್ಷಿಣ ಫ್ರಾನ್ಸ್ ಮತ್ತು ಸ್ಪೇನಿನ ಹನ್ನೊಂದು, ಹನ್ನೆರಡನೆಯ ಶತಮಾನದ ಕಟ್ಟಡಗಳ ದಪ್ಪ ಗೋಡೆ, ಗಿಡ್ಡ ಕಂಬ, ಅರ್ಧವೃತ್ತದ ಕಮಾನುಗಳನ್ನು ತೆಗೆದುಕೊಂಡು ತನ್ನದೇ ಆದ ಒಂದು ಬಗೆಯನ್ನು ಕಟ್ಟಿದ. ಅವನ ಹೆಸರಿನಲ್ಲೇ ಆ ಬಗೆ ಇಂದಿಗೂ ಕರೆಯಲ್ಪಡುತ್ತದೆ. ಪಿಟ್ಸ್‌ಬರ್ಗ್ ಕೆಲಸ ನಡೆಯುತ್ತಿರುವಾಗಲೇ ಅವನ ಮೂತ್ರಪಿಂಡಗಳು ಕೈಕೊಟ್ಟಿದ್ದವು. 1886ರ ಏಪ್ರಿಲ್ 27ರಂದು ತೀರಿಕೊಂಡಾಗ ವಯಸ್ಸು 47. ನ್ಯಾಯಾಲಯ ಪೂರ್ಣವಾದದ್ದನ್ನು ಅವನು ನೋಡಲಿಲ್ಲ. ಅವನ ಕಚೇರಿಯ ಶೆಪ್ಲಿ, ರುಟಾನ್ ಮತ್ತು ಕೂಲಿಡ್ಜ್ ಎಂಬ ಮೂವರು ಗುರುವಿನ ನಕ್ಷೆಗೆ ನಿಷ್ಠರಾಗಿ ಮುಗಿಸಿದರು. ಕಟ್ಟಿದವರು ನಾರ್‌ಕ್ರಾಸ್ ಸಹೋದರರು, ಅವನ ಬಹುತೇಕ ದೊಡ್ಡ ಕಟ್ಟಡಗಳ ಗುತ್ತಿಗೆದಾರರು. ಪಿಟ್ಸ್‌ಬರ್ಗ್‌ನ ಈ ಕಟ್ಟಡ ಮತ್ತು ಚಿಕಾಗೋದಲ್ಲಿ ಮಾರ್ಷಲ್ ಫೀಲ್ಡ್‌ಗೆ ಕಟ್ಟಿದ ಸಗಟು ಮಳಿಗೆ, ಇವೆರಡರಿಂದ ತನ್ನನ್ನು ಅಳೆಯಬೇಕೆಂಬುದು ಕೊನೆಗಾಲದಲ್ಲಿ ಅವನ ಆಸೆಯಾಗಿತ್ತು.

ಮಗಳ ಚಿತ್ರದ ವಿಷಯ. ಗೋಪುರವನ್ನು ಎಲ್ಲರೂ ಬಿಡಿಸುತ್ತಾರೆ. ಅವಳಿಗೆ ಸೀಳುನೋಟ ಬಿಡಿಸಲು ಹೇಳಿ. ಕಟ್ಟಡವನ್ನು ನಡುವೆ ಕೊಯ್ದರೆ ಹೇಗೆ ಕಾಣುತ್ತದೋ ಹಾಗೆ. ಎಡಗಡೆ ಗ್ರಾಂಟ್ ಸ್ಟ್ರೀಟ್ ಮತ್ತು ಗೋಪುರ, ನಡುವೆ ತೆರೆದ ಅಂಗಳ, ಬಲಗಡೆ ಹಿಂದಿನ ಗೋಪುರಗಳು, ಆಮೇಲೆ ರಾಸ್ ಸ್ಟ್ರೀಟ್, ಅದರ ಮೇಲೆ ಸೇತುವೆ, ಆಚೆ ಜೈಲು. 1888ರ ರಸ್ತೆಮಟ್ಟಕ್ಕೆ ಒಂದು ಚುಕ್ಕೆಗೆರೆ, ಈಗಿನ ಮಟ್ಟಕ್ಕೆ ಒಂದು ಗಟ್ಟಿಗೆರೆ. ಗಾಳಿಯ ದಾರಿಗೆ ನೀಲಿ ಬಾಣ. ಒಂದೇ ಹಾಳೆಯಲ್ಲಿ ಕಥೆಯೆಲ್ಲ ಬಂದುಬಿಡುತ್ತದೆ.

ಅಂಗಳ ಎಂದೆನಲ್ಲ, ನೀವು ಅಲ್ಲಿಗೆ ಹೋದಿರೋ ಇಲ್ಲವೋ ಬರೆದಿಲ್ಲ. ನನ್ನ ಮಟ್ಟಿಗೆ ಇಡೀ ಕಟ್ಟಡದಲ್ಲಿ ಶ್ರೇಷ್ಠವಾದದ್ದು ಅದು. ನಮ್ಮ ತೊಟ್ಟಿಮನೆಯ ತತ್ವವೇ ಅಲ್ಲಿದೆ. ಕಟ್ಟಡ ಸುಮಾರು 300 ಅಡಿ ಉದ್ದ, 200 ಅಡಿ ಅಗಲ. ಅಷ್ಟು ದಪ್ಪದ ಕಟ್ಟಡವನ್ನು ಗಟ್ಟಿಯಾಗಿ ತುಂಬಿದ್ದರೆ ಒಳಗಿನ ಕೋಣೆಗಳಿಗೆ ಬೆಳಕು ಎಲ್ಲಿಂದ ಬರಬೇಕು? ವಿದ್ಯುದ್ದೀಪ ಆಗಷ್ಟೇ ಕಣ್ಣುಬಿಡುತ್ತಿದ್ದ ಕಾಲ. ನಡುವೆ ಬಯಲು ಬಿಟ್ಟು ಸುತ್ತ ಕಟ್ಟಿದ್ದರಿಂದ ಬೀದಿಯ ಕಡೆಯಿಂದಲೂ ಅಂಗಳದ ಕಡೆಯಿಂದಲೂ ಬೆಳಕು ಒಳಗೆ ಬರುತ್ತದೆ. ಬೀದಿಯ ಕಡೆ ಕಟ್ಟಡ ಗಂಭೀರ, ಸ್ವಲ್ಪ ಗದರಿಸುವಂತಿದೆ. ಅಂಗಳದ ಕಡೆ ಅದೇ ಕಲ್ಲು, ಅದೇ ಕಮಾನು, ಆದರೆ ಕಿಟಕಿಗಳು ಒತ್ತೊತ್ತಾಗಿ, ಸಾಲುಸಾಲಾಗಿ, ಗೋಡೆಗಿಂತ ತೆರಪೇ ಹೆಚ್ಚು. ಯಾವ ಕೆತ್ತನೆಯೂ ಇಲ್ಲ. ಲಯ ಮಾತ್ರ ಇದೆ. ಬಹಳ ವರ್ಷ ಅದನ್ನು ವಾಹನ ನಿಲ್ಲಿಸಲು ಬಳಸುತ್ತಿದ್ದರು. 1970ರ ದಶಕದಲ್ಲಿ ಗಿಡ, ಬೆಂಚು, ಕಾರಂಜಿ ಇಟ್ಟು ಸಾರ್ವಜನಿಕರಿಗೆ ಬಿಟ್ಟರು. ಅದಕ್ಕೆ ಕಾರಣರಾದವರಿಗೆ ಪುಣ್ಯ ಬರಲಿ.

ಕಲ್ಲಿನ ಬಗ್ಗೆಯೂ ಒಂದಿಷ್ಟು. ಅದು ಮ್ಯಾಸಚೂಸೆಟ್ಸ್‌ನ ಮಿಲ್‌ಫರ್ಡ್ ಗ್ರಾನೈಟ್. ಮೂಲ ಬಣ್ಣ ತಿಳಿಗುಲಾಬಿ ಬೆರೆತ ಬೂದು. ಎದುರಿನ ಮುಖವನ್ನು ಉಜ್ಜದೆ, ಒಡೆದ ಕಲ್ಲಿನ ಒರಟನ್ನು ಹಾಗೇ ಬಿಟ್ಟಿದ್ದಾರೆ, ಆದರೆ ಅಂಚುಗಳನ್ನು ನಿಖರವಾಗಿ ಕಡಿದು ಸಂದುಗಳನ್ನು ತೆಳುವಾಗಿ ಕೂಡಿಸಿದ್ದಾರೆ. ಒರಟು ಕಲ್ಲಿನ ಕೆಲಸ ಸುಲಭ ಎಂದು ಅಂದುಕೊಳ್ಳುವವರಿದ್ದಾರೆ. ನುಣುಪು ಮಾಡಿದ ಕಲ್ಲಿನಲ್ಲಿ ತಪ್ಪನ್ನು ಉಜ್ಜಿ ತೆಗೆಯಬಹುದು. ಒರಟು ಕಲ್ಲಿನಲ್ಲಿ ಅಂಚಿನ ಗೆರೆಯೊಂದೇ ಕೆಲಸಗಾರನ ಯೋಗ್ಯತೆಯನ್ನು ಹೇಳುತ್ತದೆ. ಬಿಸಿಲು ಓರೆಯಾಗಿ ಬಿದ್ದಾಗ ಒಂದೊಂದು ಕಲ್ಲಿನ ಉಬ್ಬಿಗೂ ಅದರದೇ ನೆರಳು ಬೀಳುತ್ತದೆ, ಇಡೀ ಗೋಡೆಗೆ ಜೀವ ಬರುತ್ತದೆ. ಇಳಿಹೊತ್ತಿನಲ್ಲಿ ಗ್ರಾಂಟ್ ಸ್ಟ್ರೀಟ್ ಬದಿಯಲ್ಲಿ ನಿಂತು ನೋಡಿ.

ಟೊರೊಂಟೊವಾಸಿ:

ನಮ್ಮ ಊರಿನ ಹಳೆಯ ಸಿಟಿ ಹಾಲ್ ಇದರದೇ ತಮ್ಮ. ಇ. ಜೆ. ಲೆನಾಕ್ಸ್ ವಿನ್ಯಾಸಗೊಳಿಸಿದ್ದು, 1899ರಲ್ಲಿ ತೆರೆದದ್ದು. ಅದು ನಗರಸಭೆ ಮಾತ್ರವಲ್ಲ, ಯಾರ್ಕ್ ಕೌಂಟಿಯ ನ್ಯಾಯಾಲಯವೂ ಆಗಿತ್ತು. 1960ರ ದಶಕದಲ್ಲಿ ದೊಡ್ಡ ವ್ಯಾಪಾರಿ ಸಂಕೀರ್ಣಕ್ಕಾಗಿ ಅದನ್ನು ಕೆಡವುವ ಯೋಜನೆ ಬಂದಿತ್ತು. ಜನ ಎದ್ದು ನಿಂತು ಉಳಿಸಿಕೊಂಡರು. ಮಿನಿಯಾಪೊಲಿಸ್‌ನಲ್ಲಿ ಹೆನೆಪಿನ್ ಕೌಂಟಿಯ ನ್ಯಾಯಾಲಯವಿರುವ ಸಿಟಿ ಹಾಲ್ ನೋಡಿದರೂ ಪಿಟ್ಸ್‌ಬರ್ಗ್ ನೆನಪಾಗುತ್ತದೆ.

ಕಲ್ಲುಗಾರೆ:

ಹೌದು, ಮೂವತ್ತು ವರ್ಷ ಆ ಬಗೆಯ ಕಟ್ಟಡಗಳು ಉತ್ತರ ಅಮೆರಿಕದ ತುಂಬ ಎದ್ದವು. ಅವುಗಳಲ್ಲಿ ನಿಮ್ಮ ಟೊರೊಂಟೊದ್ದು ಒಳ್ಳೆಯದು. ಬಹಳ ಕಡೆ ಗೋಪುರವನ್ನೂ ಕಮಾನನ್ನೂ ನಕಲು ಮಾಡಿ, ಒಳಗಿನ ಲೆಕ್ಕಾಚಾರ ಬಿಟ್ಟುಬಿಟ್ಟರು ಎನ್ನುವುದು ನನ್ನ ಅಭಿಪ್ರಾಯ.

ಈಗ ಜೈಲಿಗೆ ಬರುತ್ತೇನೆ. ಶಾಲ್ಮಲಾತೀರ ಅವರು ಕೋಟೆಯಂತಿದೆ ಎಂದರು, ಸರಿಯಾದ ಮಾತು. ರಿಚರ್ಡ್‌ಸನ್ನನ ಒಂದು ಕಟ್ಟಡವನ್ನು ಮಾತ್ರ ನೋಡಲು ಸಮಯವಿದೆ ಎಂದು ಯಾರಾದರೂ ಕೇಳಿದರೆ ನಾನು ನ್ಯಾಯಾಲಯವನ್ನು ಬಿಟ್ಟು ಜೈಲಿನ ಗೋಡೆಯ ಕಡೆಗೆ ಕೈತೋರಿಸುತ್ತೇನೆ. ನ್ಯಾಯಾಲಯಕ್ಕಿಂತ ಎರಡು ವರ್ಷ ಮೊದಲೇ, 1886ರಲ್ಲಿ, ಮುಗಿದ ಕಟ್ಟಡ ಅದು. ದೊಡ್ಡ ದೊಡ್ಡ ಬಂಡೆಗಲ್ಲುಗಳ ಗೋಡೆ, ಅಲ್ಲೊಂದು ಇಲ್ಲೊಂದು ತೆರಪು. ಬಾಗಿಲಿನ ಕಮಾನನ್ನು ಹತ್ತಿರದಿಂದ ನೋಡಿ: ಕಮಾನಿನ ಒಂದೊಂದು ಕಲ್ಲೂ ಸೂರ್ಯನ ಕಿರಣದ ಹಾಗೆ ಹೊರಕ್ಕೆ ಉದ್ದವಾಗಿ ಚಾಚಿಕೊಂಡಿದೆ, ಗೋಡೆಯ ಭಾರವೆಲ್ಲ ಆ ಕಲ್ಲುಗಳ ಮೂಲಕ ಎರಡು ಬದಿಗೆ ಇಳಿಯುವುದು ಕಣ್ಣಿಗೆ ಕಾಣುತ್ತದೆ. ಒಳಗೆ ಶಿಲುಬೆಯಾಕಾರದ ನಕ್ಷೆ. ನಡುವೆ ಎಂಟು ಮೂಲೆಯ ಎತ್ತರದ ಹಜಾರ, ಅದರಿಂದ ಕೈಗಳಂತೆ ಹೊರಟ ಕೋಣೆಸಾಲುಗಳು. ನಡುವೆ ನಿಂತ ಕಾವಲುಗಾರನಿಗೆ ಎಲ್ಲ ಸಾಲುಗಳೂ ಕಾಣಬೇಕು. 1900ರ ನಂತರ ಜಾಗ ಸಾಲದೆ ಫ್ರೆಡರಿಕ್ ಆಸ್ಟರ್ಲಿಂಗ್ ಅದನ್ನು ವಿಸ್ತರಿಸಿದ.

ಆ ಸೇತುವೆಯ ಮೇಲೆ ನಡೆದವರಲ್ಲಿ ಇತಿಹಾಸಕ್ಕೆ ಸೇರಿದವರೂ ಇದ್ದಾರೆ. 1892ರಲ್ಲಿ ಹೋಮ್‌ಸ್ಟೆಡ್ ಉಕ್ಕಿನ ಕಾರ್ಖಾನೆಯ ಮುಷ್ಕರ ನಡೆದಾಗ, ಅಲೆಕ್ಸಾಂಡರ್ ಬರ್ಕ್‌ಮನ್ ಎಂಬ ಅರಾಜಕತಾವಾದಿ ಜುಲೈ 23ರಂದು ಫ್ರಿಕ್‌ನ ಕಚೇರಿಗೆ ನುಗ್ಗಿ ಅವನಿಗೆ ಗುಂಡು ಹಾರಿಸಿದ. ಫ್ರಿಕ್ ಬದುಕಿಕೊಂಡ. ಬರ್ಕ್‌ಮನ್ ವಕೀಲರನ್ನು ಇಟ್ಟುಕೊಳ್ಳದೆ ತಾನೇ ವಾದಿಸಿದ. ಇಂಗ್ಲಿಷ್ ಸಾಲದೆಂದು ಜರ್ಮನ್ ಭಾಷೆಯಲ್ಲಿ ಹೇಳಿಕೆ ಓದಿದ, ದುಭಾಷಿ ಅದನ್ನು ತೊದಲುತ್ತ ಅನುವಾದಿಸಿದ, ನ್ಯಾಯಾಧೀಶರು ನಡುವೆಯೇ ನಿಲ್ಲಿಸಿದರು. 22 ವರ್ಷಗಳ ಶಿಕ್ಷೆಯಾಯಿತು, 14 ವರ್ಷ ಅನುಭವಿಸಿದ. ಅವನ ಕೃತ್ಯವನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಪರಭಾಷೆಯ ನಾಡಿನಲ್ಲಿ ಕಟಕಟೆಯಲ್ಲಿ ನಿಂತವನ ಮಾತು ಪೂರ್ತಿಯಾಗಿ ಕೇಳಿಸಲೇ ಇಲ್ಲ ಎನ್ನುವುದು ನನ್ನನ್ನು ಕಾಡುತ್ತದೆ. ಗುಂಡಿನಿಂದ ಬದುಕಿದ ಫ್ರಿಕ್ ಹತ್ತು ವರ್ಷದ ನಂತರ ಅದೇ ನ್ಯಾಯಾಲಯದ ಎದುರಿಗೆ, ಅದಕ್ಕಿಂತ ಎತ್ತರದ ಕಟ್ಟಡ ಎಬ್ಬಿಸಿದ. ನಾನು ಮೇಲೆ ಹೇಳಿದ ಫ್ರಿಕ್ ಕಟ್ಟಡ ಅದೇ.

ಇನ್ನೊಂದು 1902ರ ಜನವರಿಯದು. ಮರಣದಂಡನೆಗೆ ಗುರಿಯಾಗಿದ್ದ ಎಡ್ ಮತ್ತು ಜ್ಯಾಕ್ ಬಿಡ್ಲ್ ಎಂಬ ಸೋದರರು ಜೈಲಿನಿಂದ ತಪ್ಪಿಸಿಕೊಂಡರು. ಗರಗಸ, ಪಿಸ್ತೂಲು ಒಳಗೆ ತಲುಪಿಸಿದವಳು ವಾರ್ಡನ್ನನ ಹೆಂಡತಿ ಕ್ಯಾಥರೀನ್ ಸೊಫೆಲ್, ಅವಳೂ ಜೊತೆಗೆ ಹೊರಟಳು. ಹಿಮದಲ್ಲಿ ಬಟ್ಲರ್ ಕೌಂಟಿಯವರೆಗೆ ಹೋಗಿ ಸಿಕ್ಕಿಬಿದ್ದರು. ಸೋದರರು ಗುಂಡೇಟಿನಿಂದ ಸತ್ತರು, ಅವಳು ಬದುಕಿ ಸೆರೆಮನೆ ಸೇರಿದಳು. ಗೋಡೆ ಎಷ್ಟು ದಪ್ಪವಿದ್ದರೇನು, ಕೀಲಿಕೈ ಇರುವುದು ಮನುಷ್ಯರ ಬಳಿ.

ಹಳೆಊರು:

ಸರ್, ನೀವು ಜೈಲನ್ನು ಇಷ್ಟು ಹೊಗಳುತ್ತೀರಿ. ಆದರೆ ಅದರ ಒಳಗನ್ನೆಲ್ಲ ಬಗೆದು ಕೌಟುಂಬಿಕ ನ್ಯಾಯಾಲಯ ಮಾಡಿದ್ದಾರಲ್ಲ, ಅದನ್ನು ಏಕೆ ಹೇಳಲಿಲ್ಲ? ನನಗೆ ಅದು ಎರಡು ರೀತಿಯಲ್ಲಿ ತಪ್ಪೆನಿಸುತ್ತದೆ. ಒಂದು, ಕೋಣೆಸಾಲುಗಳನ್ನು ತೆಗೆದ ಮೇಲೆ ಉಳಿದದ್ದು ಚಿಪ್ಪು ಮಾತ್ರ. ಎರಡು, ತಂದೆತಾಯಿ ಬೇರೆಯಾಗುವ ನೋವಿನಲ್ಲಿರುವ ಮಕ್ಕಳನ್ನು ಜೈಲಿನ ಕಮಾನಿನ ಕೆಳಗೆ ಕರೆದುಕೊಂಡು ಹೋಗುವುದು ಕ್ರೌರ್ಯವಲ್ಲವೇ?

ಓದುಬಿಡುವು:

ಎರಡನೆಯ ಮಾತಿಗೆ ನನ್ನ ಸಹಮತವಿದೆ. ಮೊದಲನೆಯದಕ್ಕೆ ಇಲ್ಲ. ಖಾಲಿ ಬಿಟ್ಟಿದ್ದರೆ ಏನಾಗುತ್ತಿತ್ತು?

ಕಲ್ಲುಗಾರೆ:

ಒಳ್ಳೆಯ ಆಕ್ಷೇಪ. ನಿಧಾನವಾಗಿ ಉತ್ತರಿಸುತ್ತೇನೆ. 1995ರಲ್ಲಿ ನದಿಯ ದಡದಲ್ಲಿ ಹೊಸ ಜೈಲು ಕಟ್ಟಿ ಕೈದಿಗಳನ್ನು ಸಾಗಿಸಿದ ಮೇಲೆ ಇದು ಖಾಲಿ ಬಿತ್ತು. ಪೇಟೆಯ ನಡುವಿನ ಜಾಗ, ಚಿನ್ನದ ಬೆಲೆ. ನ್ಯಾಯಾಲಯ ಮತ್ತು ಜೈಲು ಎರಡಕ್ಕೂ 1976ರಿಂದ ರಾಷ್ಟ್ರೀಯ ಐತಿಹಾಸಿಕ ಸ್ಮಾರಕದ ಮಾನ್ಯತೆ ಇದೆ. ಆದರೆ ಮಾನ್ಯತೆಯ ಫಲಕ ಚಾವಣಿಯ ಸೋರಿಕೆಯನ್ನು ನಿಲ್ಲಿಸುವುದಿಲ್ಲ. ಬಳಕೆಯಿಲ್ಲದ ಕಲ್ಲುಕಟ್ಟಡ ಹೇಗೆ ಹಾಳಾಗುತ್ತದೆಂದು ನಾನು ಇಲಾಖೆಯಲ್ಲಿದ್ದಾಗ ಕಣ್ಣಾರೆ ನೋಡಿದ್ದೇನೆ. ಮೊದಲು ಮಳೆನೀರಿನ ಕೊಳವೆ ಕಟ್ಟಿಕೊಳ್ಳುತ್ತದೆ. ನೀರು ಗೋಡೆಯ ತಲೆಯಿಂದ ಒಳಗಿಳಿಯುತ್ತದೆ. ಸಂದಿನ ಗಾರೆ ಕರಗುತ್ತದೆ, ಸಂದಿನಲ್ಲಿ ಗಿಡ ಬೇರುಬಿಡುತ್ತದೆ. ಈ ಊರಿನಲ್ಲಿ ಅದರ ಮೇಲೆ ಹಿಮವೂ ಸೇರುತ್ತದೆ: ಸಂದಿನ ನೀರು ಹೆಪ್ಪುಗಟ್ಟಿ ಹಿಗ್ಗಿ ಕಲ್ಲನ್ನೇ ದೂಡುತ್ತದೆ. ದಿನವೂ ಒಳಗೆ ಜನ ಇದ್ದರೆ ಮಾತ್ರ ಇವೆಲ್ಲ ಮೊದಲ ತೊಟ್ಟಿನಲ್ಲೇ ಕಣ್ಣಿಗೆ ಬೀಳುತ್ತವೆ.

2000ನೆಯ ವರ್ಷದಲ್ಲಿ ಕೌಟುಂಬಿಕ ವಿಭಾಗ ಅಲ್ಲಿಗೆ ಬಂತು. ಕೋಣೆಸಾಲುಗಳನ್ನು ತೆಗೆದು ನ್ಯಾಯಾಲಯದ ಕೋಣೆಗಳನ್ನು ಕೂರಿಸಿದ್ದು ನಿಜ. ಆದರೆ ನಡುವಿನ ಎಂಟು ಮೂಲೆಯ ಹಜಾರವನ್ನು ಮೇಲಿನವರೆಗೆ ತೆರೆದೇ ಇಟ್ಟಿದ್ದಾರೆ, ಕಟ್ಟಡದ ಪ್ರಾಣವಿದ್ದದ್ದು ಅಲ್ಲಿ. ಕೈದಿಗಳ ಕೋಣೆಗಳ ಒಂದು ಭಾಗವನ್ನೂ ಹಾಗೇ ಉಳಿಸಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಇಡೀ ಜೈಲನ್ನು ಹಾಗೇ ಉಳಿಸಬೇಕೆಂದರೆ ಯಾರಿಗಾಗಿ? ಆ ಕೋಣೆಗಳಲ್ಲಿ ನರಳಿದವರ ನೆನಪಿಗೆ ಒಂದು ಸಾಲು ಸಾಕು.

ಮಕ್ಕಳ ವಿಷಯದಲ್ಲಿ ನಿಮ್ಮ ಮಾತನ್ನು ತಳ್ಳಿಹಾಕಲಾರೆ. ನಾನು ಅದನ್ನು ಬಹಳ ಯೋಚಿಸಿದ್ದೇನೆ. ಹೊರಗಿನ ಗೋಡೆ ಮಗುವನ್ನು ಹೆದರಿಸುತ್ತದೆ, ಅದನ್ನು ಕಟ್ಟಿದ್ದೇ ಹೆದರಿಸುವುದಕ್ಕೆ. ಒಳಗೆ ಹೋದರೆ ಬೆಳಕಿದೆ, ಎತ್ತರವಿದೆ. ಮಾಮೂಲಿ ಸರ್ಕಾರಿ ಕಚೇರಿಯ ತಗ್ಗು ಚಾವಣಿ, ಕಿಟಕಿಯಿಲ್ಲದ ಕಾಯುವ ಕೋಣೆಗಿಂತ ಅದು ಮನಸ್ಸಿಗೆ ಹಗುರ ಎಂದು ನನಗೆ ಅನ್ನಿಸಿದೆ. ನಿಮಗೆ ಬೇರೆ ಅನ್ನಿಸಬಹುದು. ಅಲ್ಲಿ ಕಾದು ಕುಳಿತವರ ಮಾತಿಗೆ ನನ್ನ ಮಾತಿಗಿಂತ ತೂಕ ಹೆಚ್ಚು.

ಆದರೆ ಚಿಕಾಗೋದ ಉದಾಹರಣೆಯನ್ನು ಮರೆಯಬೇಡಿ. ರಿಚರ್ಡ್‌ಸನ್ ತನ್ನನ್ನು ಅಳೆಯಿರಿ ಎಂದು ತೋರಿಸಿದ ಎರಡು ಕಟ್ಟಡಗಳಲ್ಲಿ ಇನ್ನೊಂದು, ಆ ಸಗಟು ಮಳಿಗೆ, ವ್ಯಾಪಾರಕ್ಕೆ ಬೇಡವಾದ ಕೂಡಲೇ 1930ರಲ್ಲಿ ನೆಲಸಮವಾಯಿತು. ಕಟ್ಟಿ ಐವತ್ತು ವರ್ಷವೂ ಆಗಿರಲಿಲ್ಲ. ಆ ಜಾಗದಲ್ಲಿ ವಾಹನ ನಿಲುಗಡೆ ಬಂತು.

ಹಳೆಊರು:

ಚಿಕಾಗೋದ ಸಂಗತಿ ಗೊತ್ತಿರಲಿಲ್ಲ. ಬಳಸಿ ಉಳಿಸುವುದೇ ವಾಸಿ ಎಂಬುದನ್ನು ಒಪ್ಪುತ್ತೇನೆ. ಕೌಟುಂಬಿಕ ವಿಭಾಗವನ್ನೇ ಅಲ್ಲಿ ಇಡಬೇಕಾಗಿತ್ತೇ ಎಂಬುದನ್ನು ಇನ್ನೂ ಒಪ್ಪಿಲ್ಲ. ದಾಖಲೆಗಳ ವಿಭಾಗ, ತೆರಿಗೆ ಕಚೇರಿ, ಯಾವುದನ್ನಾದರೂ ಹಾಕಬಹುದಿತ್ತು.

ಕಲ್ಲುಗಾರೆ:

ಅದು ನ್ಯಾಯವಾದ ಮಾತು, ಅಲ್ಲಿಗೆ ಬಿಡೋಣ.

ಶಾಲ್ಮಲಾತೀರ ಅವರೇ, ಮಗಳನ್ನು ಕರೆದುಕೊಂಡು ಹೋಗುವುದಾದರೆ ವಾರದ ದಿನ, ಕಚೇರಿ ನಡೆಯುವ ಹೊತ್ತಿಗೆ ಹೋಗಿ. ಚೀಲಗಳನ್ನು ತಪಾಸಣೆ ಮಾಡುತ್ತಾರೆ, ಡ್ರಾಯಿಂಗ್ ಪೆಟ್ಟಿಗೆಯಲ್ಲಿ ಕತ್ತರಿ, ಕೈವಾರ ಇದ್ದರೆ ಮನೆಯಲ್ಲೇ ಬಿಡಿ. ಒಳಗಿನ ದೊಡ್ಡ ಮೆಟ್ಟಿಲನ್ನು ಹತ್ತಿ, ಲಿಫ್ಟ್ ಬೇಡ: ಗಿಡ್ಡ ಕಂಬಗಳ ಮೇಲೆ ಅಗಲವಾದ ಕಮಾನುಗಳು ಒಂದರ ಹಿಂದೆ ಒಂದು ತೆರೆದುಕೊಳ್ಳುವುದು ನಡೆದಾಗ ಮಾತ್ರ ತಿಳಿಯುತ್ತದೆ. ಮೂರನೆಯ ಮಹಡಿಯಲ್ಲಿ 321ನೆಯ ಸಂಖ್ಯೆಯ ನ್ಯಾಯಾಲಯದ ಕೋಣೆಯನ್ನು 1888ರ ರೂಪಕ್ಕೆ ತಿರುಗಿ ತಂದಿದ್ದಾರೆ. ವಿಚಾರಣೆ ನಡೆಯುತ್ತಿಲ್ಲವೆಂದು ಸಿಬ್ಬಂದಿಯನ್ನು ಕೇಳಿಕೊಂಡು ಇಣುಕಿ ನೋಡಿ. ಆಮೇಲೆ ಅಂಗಳಕ್ಕೆ ಇಳಿದು ಹಿಂದಿನ ಗೋಪುರಗಳು ಕಾಣುವ ಬೆಂಚು ಹುಡುಕಿಕೊಳ್ಳಿ. ಸೀಳುನೋಟಕ್ಕೆ ಬೇಕಾದ ಎತ್ತರಗಳ ಅಂದಾಜು ಅಲ್ಲಿಂದ ಚೆನ್ನಾಗಿ ಸಿಗುತ್ತದೆ: ಒಂದು ವರಸೆ ಕಲ್ಲಿನ ಎತ್ತರವನ್ನು ಕೈಯಿಂದ ಅಳೆದುಕೊಂಡು, ವರಸೆಗಳನ್ನು ಎಣಿಸುತ್ತ ಮೇಲೆ ಹೋದರೆ ಆಯಿತು. ವರಸೆಗಳೆಲ್ಲ ಒಂದೇ ಎತ್ತರವಿರುವುದಿಲ್ಲ, ಅದನ್ನು ಮಾತ್ರ ಅವಳಿಗೆ ಮೊದಲೇ ಹೇಳಿ.